ಬ್ಯಾಟರಿ ಇಳಿಯುವ ಮುನ್ನ

ಮಧ್ಯಾಹ್ನ ಊಟಕ್ಕೆ ತಟ್ಟೆ ಹಾಕಿದ್ದೇ ತಡ, ಅಕ್ಕನ ಲ್ಯಾಪ್‌ಟಾಪು ಕೂಗಿಕೊಂಡಿತು. ಅವಳು ಮನೆಯಿಂದಲೇ ನೋಡಿಕೊಳ್ಳುವ, ಊರಾಚೆಯ ಸರ್ವರ್ ಕಟ್ಟಡದಲ್ಲಿ ಕರೆಂಟು ಹೋಗಿತ್ತು. ಅದೇನೂ ಹೊಸದಲ್ಲ. ಆದರೆ ತಾನಾಗಿಯೇ ಶುರುವಾಗಬೇಕಿದ್ದ ಜನರೇಟರ್ ಶುರುವಾಗಿರಲಿಲ್ಲ. ಇಡೀ ಕಟ್ಟಡ ಬ್ಯಾಟರಿಯ ಮೇಲೆ ನಿಂತಿತ್ತು. ಆಂಬುಲೆನ್ಸಿಗೆ ಯಾರೇ ಫೋನು ಮಾಡಲಿ, ಆ ಕರೆ ಹಾದುಹೋಗುವ ಯಂತ್ರಗಳು ಇದ್ದದ್ದು ಅಲ್ಲೇ. ಬ್ಯಾಟರಿ ಬರಿದಾದರೆ ಕರೆ ಯಾರಿಗೂ ಮುಟ್ಟುವುದಿಲ್ಲ.

ಕಟ್ಟಡದಲ್ಲಿ ಆಗ ಇದ್ದವನು ಅವಳ ತಮ್ಮ ಒಬ್ಬನೇ, ಜನರೇಟರ್ ಮೆಕ್ಯಾನಿಕ್. ಮನೆಯಲ್ಲಿ ಅವನಿಗೆ ‘ಇನ್ನೇನಪ್ಪ’ ಎಂದೇ ಹೆಸರು. ಚಿಕ್ಕಂದಿನಿಂದ ಯಾವ ಕೆಲಸ ಕೇಳಿದರೂ ಇನ್ನೇನು ಆಯ್ತು ಅನ್ನುತ್ತಿದ್ದ. ಆಗುವಷ್ಟರಲ್ಲಿ ಕೇಳಿದವರ ಕೂದಲು ನರೆಯುತ್ತಿತ್ತು. ಡೀಸೆಲ್ ಪೈಪಿಗೆ ಗಾಳಿ ಸೇರಿದೆ, ತೆಗೆಯುತ್ತಿದ್ದೇನೆ, ಇನ್ನೇನು ಆಯ್ತು ಎಂದು ಈಗಲೂ ಫೋನಿನಲ್ಲಿ ಹೇಳಿದ.

ಅಕ್ಕ ಆ ಮಾತು ನೆಚ್ಚಿ ಕೂರಲಿಲ್ಲ. ಅಲ್ಲಿನ ಯಂತ್ರಗಳ ವೈರು ಸಿಕ್ಕಿಸುವ ಪ್ಲಗ್ ಪಟ್ಟಿಗಳನ್ನು ಮನೆಯಿಂದಲೇ ಆಫ್ ಮಾಡುವ ಅನುಕೂಲ ಅವಳಿಗಿತ್ತು. ತುರ್ತಿಲ್ಲದ ಯಂತ್ರಗಳನ್ನು ನಿಲ್ಲಿಸಿದರೆ ಆಂಬುಲೆನ್ಸಿನವಕ್ಕೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಕಚೇರಿಯ ಹಳೇ ಯಂತ್ರಗಳ ಪ್ಲಗ್ ಪಟ್ಟಿಯನ್ನು ಮೊದಲು ಆಫ್ ಮಾಡಿದಳು. ಪರದೆ ಅಲ್ಲಿಗೇ ನಿಂತಿತು.

ಇನ್ನೊಮ್ಮೆ ಒತ್ತುವಾಗ ಗೊತ್ತಾಯಿತು. ಹೊರಗಿನಿಂದ ಅವಳ ಕಂಪ್ಯೂಟರು ಅಲ್ಲಿನ ಯಂತ್ರಗಳನ್ನು ಮುಟ್ಟುವ ದಾರಿ ಒಂದು ಪುಟ್ಟ ಪೆಟ್ಟಿಗೆ, ಅದನ್ನೂ ಅದೇ ಪಟ್ಟಿಗೆ ಸಿಕ್ಕಿಸಿದ್ದರು. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದಳು. ಆಂಬುಲೆನ್ಸಿನ ಕರೆಗಳಿಗೆ ಬೇರೆ ದಾರಿ ಇತ್ತು, ಅವು ಇನ್ನೂ ಹೋಗುತ್ತಿದ್ದವು. ಆದರೆ ಉಳಿದ ಯಂತ್ರಗಳೂ ಬ್ಯಾಟರಿ ಹೀರುತ್ತಲೇ ಇದ್ದವು, ಎಷ್ಟು ಉಳಿದಿದೆಯೆಂದು ಅವಳಿಗೆ ಕಾಣುತ್ತಿರಲಿಲ್ಲ. ಕಂಡರೆ ಒಂದು ಭಯ, ಕಾಣದಿದ್ದರೆ ನೂರು. ಬಡಿಸಲು ನಿಂತಿದ್ದ ಅತ್ತೆ ಅವಳ ಊಟದ ಮೇಲೆ ಇನ್ನೊಂದು ತಟ್ಟೆ ಮುಚ್ಚಿದರು.

ತಮ್ಮನಿಗೆ ಫೋನು ಮಾಡಿ, ಜನರೇಟರ್ ಬಿಟ್ಟು ಒಳಗೆ ಯಂತ್ರಗಳ ಕೋಣೆಗೆ ಹೋಗು ಅಂದಳು. ಕಾರಣ ಹೇಳಲಿಲ್ಲ. ಅರ್ಧ ಬಿಚ್ಚಿದ್ದನ್ನು ಬಿಟ್ಟು ಹೋಗಲಾ, ಫ್ಯಾನಿನ ಕೆಳಗೆ ಕೂತವರಿಗೆ ಡೀಸೆಲ್ ವಾಸನೆ ಎಲ್ಲಿ ಗೊತ್ತಾಗಬೇಕು ಎಂದು ಅವನು ಕುಟುಕಿದ. ಮಾತಿಗೆ ಮಾತು ಬೆಳೆಯಿತು. ತಪ್ಪು ಒಪ್ಪಿಕೊಂಡರೆ ಇವನು ವರ್ಷಗಟ್ಟಲೆ ಆಡಿಕೊಳ್ಳುತ್ತಾನೆಂದು ಅವಳಿಗೆ ಗೊತ್ತಿತ್ತು. ಆಡಿಕೊಳ್ಳಲಿ.

“ಲೋ, ಕೇಳು. ನನ್ನ ದಾರೀನ ನಾನೇ ಮುಚ್ಚಿಕೊಂಡಿದ್ದೀನಿ. ಇಲ್ಲಿಂದ ಏನೂ ಕಾಣ್ತಿಲ್ಲ.”

ಆ ಕಡೆ ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು. ನಗುತ್ತಾನೆ ಅಂದುಕೊಂಡಳು.

“ಅದನ್ನ ಮೊದಲೇ ಹೇಳಬಾರದಾ ಅಕ್ಕ,” ಅಂದ. ಓಡುವ ಹೆಜ್ಜೆ ಕೇಳಿಸಿತು.

ಒಳಗೆ ಹೋದವನೇ ಅವಳು ಆಫ್ ಮಾಡಿದ ಪಟ್ಟಿಯ ಸ್ವಿಚ್ ಹಾಕಲಾ ಎಂದು ಕೇಳಿದ. ಬೇಡ ಅಂದಳು. ಈಗ ಹಾಕಿದರೆ ಹಳೇ ಯಂತ್ರಗಳೆಲ್ಲ ಒಟ್ಟಿಗೆ ಎದ್ದು ಇದ್ದ ಬ್ಯಾಟರಿಯನ್ನೂ ನುಂಗಿಬಿಡುತ್ತವೆ. ಅಂಗೈಯಗಲದ ಕಪ್ಪು ಪೆಟ್ಟಿಗೆಯದೊಂದು ಬಿಟ್ಟು ಆ ಪಟ್ಟಿಯ ಬೇರೆಲ್ಲ ವೈರನ್ನೂ ಮೊದಲು ಕೀಳಬೇಕಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಿದ ಮೇಲೆಯೇ ಕೈ ಮುಂದೆ ಹೋಗಬೇಕು ಅನ್ನುವುದು ಅಲ್ಲಿನ ಪದ್ಧತಿ. ಗಿಳಿಪಾಠ ಎಂದು ಅದನ್ನು ಹಂಗಿಸುತ್ತಿದ್ದ ತಮ್ಮ, ಇವತ್ತು ಒಂದೊಂದು ವೈರನ್ನೂ ಕೊನೆಯ ತನಕ ಬೆರಳಲ್ಲಿ ಸವರಿಕೊಂಡು ಹೋಗಿ, ಹೇಳಿ, ಕಿತ್ತ. ನಡುವೆ ಬ್ಯಾಟರಿಯ ಎಚ್ಚರಿಕೆಯ ಕೀರಲು ಬಿಟ್ಟುಬಿಟ್ಟು ಬರುತ್ತಿದ್ದದ್ದು ಒಂದೇ ಸಮನಾಯಿತು. ಮುಗಿಯಲು ಬಂದಾಗ ಅದು ಹಾಗೆ ಕೂಗುತ್ತದೆ.

“ಹಾಕಿದೆ,” ಅಂದ.

ಪೆಟ್ಟಿಗೆ ನಿಧಾನಕ್ಕೆ ಎದ್ದಿತು. ಪರದೆ ತೆರೆದಾಗ ಬ್ಯಾಟರಿಯ ಗೆರೆ ಉಗುರಿನ ಕೊನೆಯಷ್ಟಿತ್ತು. ತುರ್ತಿಲ್ಲದ ಉಳಿದ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿದಳು, ತಮ್ಮ ತಿರುಗಿ ಹೇಳಿದ. ಗೆರೆ ಇಳಿಯುವ ವೇಗ ತಗ್ಗಿತು. ಅವನು ಮತ್ತೆ ಜನರೇಟರ್ ಶೆಡ್ಡಿಗೆ ಓಡಿದ. ಜನರೇಟರ್ ಒಮ್ಮೆ ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು.

ಅಕ್ಕ ಆಂಬುಲೆನ್ಸ್ ಕೇಂದ್ರಕ್ಕೆ ಫೋನು ಮಾಡಿದಳು. ಯಾವುದಾದರೂ ಕರೆ ನಡುವೆ ಕಡಿಯಿತಾ ಎಂದು ಕೇಳಿದಳು.

“ಇಲ್ಲಮ್ಮಾ, ಯಾಕೆ? ಇನ್ನೊಂದು ಲೈನಲ್ಲಿ ಯಾರೋ ಬಂದ್ರು, ಇಡ್ಲಾ?”

ಇಡಿ, ಇಡಿ ಅಂದಳು.