ಮೂರೂವರೆ ಮಹಡಿ

ಮನೆಯವರು ಅವಳನ್ನು ಮಾತಿನಮಲ್ಲಿ ಎಂದು ಕರೆಯುತ್ತಿದ್ದರು. ಅವಳು ಮಾತನ್ನೇ ಕಸುಬು ಮಾಡಿಕೊಂಡ ಮೇಲೆ ಆ ಹೆಸರಿನಲ್ಲಿದ್ದ ಮುದ್ದು ಕಡಿಮೆಯಾಗಿ ಕುಹಕ ಹೆಚ್ಚಾಯಿತು. ಯಂತ್ರಗಳಿಗೆ, ಜಾಹೀರಾತುಗಳಿಗೆ ಧ್ವನಿ ಕೊಡುವುದು ಅವಳ ಕೆಲಸ. ಕಚೇರಿಯಿಲ್ಲ, ಸಾಹೇಬರಿಲ್ಲ, ಬಟ್ಟೆಯ ಬೀರುವಿನಲ್ಲಿ ಮೈಕು ಇಟ್ಟುಕೊಂಡು, ಅತ್ತಿಗೆಯ ಸ್ವೆಟರುಗಳ ನಡುವೆ ತಲೆ ತೂರಿಸಿ ರೆಕಾರ್ಡ್ ಮಾಡುತ್ತಿದ್ದಳು. ಉಣ್ಣೆ ಇದ್ದರೆ ಸದ್ದು ಮಾರ್ದನಿಸುವುದಿಲ್ಲ ಎಂದು ಎಷ್ಟು ವಿವರಿಸಿದರೂ, ತಂಗಿ ಬೀರುವಿನ ಜೊತೆ ಮಾತಾಡುತ್ತಾಳೆ ಎಂಬ ಅಣ್ಣನ ಕೊರಗು ಮಾತ್ರ ಹೋಗಲಿಲ್ಲ.

ಅವಳಿಗೂ ಒಳಗೊಳಗೇ ಅಳುಕಿತ್ತು. ಹಿಂದಿನ ತಿಂಗಳೆಲ್ಲ ಒಂದು ಬಟ್ಟೆ ತೊಳೆಯುವ ಯಂತ್ರಕ್ಕಾಗಿ ‘ಬಾಗಿಲು ಸರಿಯಾಗಿ ಮುಚ್ಚಿಲ್ಲ’ ಎಂದು ಹೇಳುವುದರಲ್ಲೇ ಕಳೆದಿತ್ತು. ಇದರಿಂದ ಯಾರ ಬದುಕು ಉದ್ಧಾರವಾಯಿತು ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಆದರೂ ಹೇಳಿದ ಹೊತ್ತಿಗೆ ಕೆಲಸ ಮುಗಿಸುವುದರಲ್ಲಿ, ತಿದ್ದು ಎಂದರೆ ಮುಖ ಗಂಟಿಕ್ಕದೆ ತಿದ್ದುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಹೀಗಿರುವಾಗ ಒಂಬತ್ತು ಮಹಡಿಯ ಕಚೇರಿ ಕಟ್ಟಡವೊಂದರ ಲಿಫ್ಟಿಗೆ ಧ್ವನಿ ಕೊಡುವ ಕೆಲಸ ಬಂತು. ಮಹಡಿಗಳ ಹೆಸರು ಹೇಳಿದರಾಯಿತು, ಅರ್ಧ ಗಂಟೆಯ ಕೆಲಸ ಎಂದುಕೊಂಡಳು. ಕಳಿಸಿದ ಎರಡೇ ದಿನಕ್ಕೆ ಕಟ್ಟಡದ ಮ್ಯಾನೇಜರು ಫೋನು ಮಾಡಿದರು.

“ಮೂರನೇ ಮಹಡಿಯವರು ಬೇಜಾರು ಮಾಡ್ಕೊಂಡಿದಾರೆ. ನೀವು ಅವರದನ್ನ ನಾಲ್ಕಕ್ಕಿಂತ ಕೆಳಗಿನ ದನಿಯಲ್ಲಿ ಹೇಳಿದೀರಂತೆ.”

“ಮೂರನೇದು ಕೆಳಗೇ ಇದೆಯಲ್ಲ, ಸಾರ್?”

“ಇದೆ. ಹಾಗಂತ ಎತ್ತಿ ಆಡಬಾರದಲ್ಲಮ್ಮ.”

ಅವಳು ಮೂರನ್ನು ಏರಿಸಿದಳು. ಆಗ ನಾಲ್ಕರವರು ಮುನಿಸಿಕೊಂಡರು. ಏಳರವರು ತಮ್ಮ ಮಹಡಿಯ ಹೆಸರಿಗಿಂತ ಮೊದಲು ಒಂದು ಕ್ಷಣ ಮೌನವಿರಲಿ, ಗಾಂಭೀರ್ಯ ಬರುತ್ತದೆ ಎಂದರು. ಹದಿನೇಳು ಸಲ ತಿದ್ದಿದ ಮೇಲೆ ಎಲ್ಲರೂ ಒಪ್ಪಿದರು. ಅವರು ಒಪ್ಪಿದ ದಿನವೇ ಲಿಫ್ಟಿನ ಸ್ಪೀಕರು ಕೆಟ್ಟು ಕೂತಿತು.

ಮ್ಯಾನೇಜರು ಕರಾರುಪತ್ರ ತೆಗೆದರು. ‘ಲಿಫ್ಟಿನೊಳಗೆ ಧ್ವನಿ ಒದಗಿಸತಕ್ಕದ್ದು’ ಎಂದಷ್ಟೇ ಅಲ್ಲಿತ್ತು; ಸ್ಪೀಕರಿನ ಸುದ್ದಿಯೇ ಇರಲಿಲ್ಲ. ಅವಳು ಆ ಸಾಲನ್ನು ಎರಡು ಸಲ ಓದಿದಳು. ಸಹಿ ತನ್ನದೇ. ಮರುದಿನ ಬೆಳಿಗ್ಗೆ ಒಂದು ಸ್ಟೂಲು, ನೀರಿನ ಬಾಟಲಿ ಹಿಡಿದು ಲಿಫ್ಟಿನ ಮೂಲೆಯಲ್ಲಿ ಹೋಗಿ ಕೂತಳು.

ಅಣ್ಣ ತಲೆ ತಲೆ ಚಚ್ಚಿಕೊಂಡ. ಅವಳು ಮಾತ್ರ ಕೆಲಸದ ಹೊತ್ತಿನಲ್ಲಿ ಯಾರ ಜೊತೆಗೂ ಹರಟಲಿಲ್ಲ, ನಗಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ಬಾಗಿಲು ತೆರೆಯುವ ಮುನ್ನ ಮಹಡಿಯ ಹೆಸರು ಹೇಳುವಳು. ಏಳರಲ್ಲಿ ಮಾತ್ರ ಮೊದಲು ಒಂದು ಕ್ಷಣ ಸುಮ್ಮನಿರುವಳು. ಜನ ಮೊದಲು ದುರುಗುಟ್ಟಿ ನೋಡಿದರು, ಎರಡನೇ ದಿನಕ್ಕೆ ಮರೆತರು. ಸದ್ದು ಕಡಿಮೆ ಮಾಡಲು ಗುಂಡಿ ಎಲ್ಲಿದೆ ಎಂದು ಒಬ್ಬರು ಅವಳ ಹೆಗಲಿನ ಸುತ್ತಮುತ್ತ ಹುಡುಕಿದರು. ಅವಳು ತಾನಾಗಿಯೇ ದನಿ ತಗ್ಗಿಸಿದಳು.

ಆರನೆಯ ದಿನ ಮಧ್ಯಾಹ್ನ ಲಿಫ್ಟು ಗಡಗಡ ನಡುಗಿ, ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತುಬಿಟ್ಟಿತು. ಒಳಗಿದ್ದವರು ಮೂವರು: ಅವಳು, ಪಿಂಚಣಿಯ ಕಾಗದ ಹಿಡಿದ ಒಬ್ಬ ಅಜ್ಜಿ, ಮತ್ತು ಮ್ಯಾನೇಜರು. ದೀಪ ಆರಿತು. ಅಜ್ಜಿ ಗೋಡೆಗೊರಗಿದರು. ಮ್ಯಾನೇಜರು ಬಾಗಿಲನ್ನು ಬಡಿದು ಬಡಿದು, ಉಸಿರು ಸಿಕ್ಕದೆ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಏನಾದರೂ ಹೇಳಲೇಬೇಕಿತ್ತು. ಆದರೆ ಒಪ್ಪಿಗೆಯಾದ ಪಟ್ಟಿಯಲ್ಲಿ ಇದಕ್ಕೆ ಮಾತೇ ಇರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡಳು.

“ಮೂರೂವರೆ ಮಹಡಿ,” ಎಂದಳು, ಎಂದಿನ ದನಿಯಲ್ಲೇ. “ದಯವಿಟ್ಟು ಕಾಯಿರಿ. ಮೇಲಿನವರಿಗೆ ಗೊತ್ತಾಗಿದೆ.”

ಮ್ಯಾನೇಜರು ಬಡಿಯುವುದನ್ನು ನಿಲ್ಲಿಸಿದರು. ಅಜ್ಜಿ ಕತ್ತಲಲ್ಲೇ ಕೇಳಿದರು, “ಇಲ್ಲೂ ಒಂದು ಮಹಡಿ ಇದೆಯಾ, ಮಗಳೇ?”

“ಇದೆ ಅಜ್ಜಿ. ಇಲ್ಲಿ ಕೂರಬಹುದು.”

ಕೆಲಸದ ಹೊತ್ತಿನಲ್ಲಿ ಅವಳು ಆಡಿದ ಮೊದಲ ಸ್ವಂತ ಮಾತು ಅದು. ಕತ್ತಲಲ್ಲಿ ತಡಕಾಡಿ ಸ್ಟೂಲನ್ನು ಅಜ್ಜಿಗೆ ಕೊಟ್ಟಳು. ಆಮೇಲೆ ನಲವತ್ತು ನಿಮಿಷ, ಆಗಾಗ ‘ಮೂರೂವರೆ ಮಹಡಿ, ದಯವಿಟ್ಟು ಕಾಯಿರಿ’ ಎಂದು ಹೇಳುತ್ತಾ ನಿಂತಳು. ಹೇಳಿದಾಗಲೆಲ್ಲ ತೋಳಿನ ಮೇಲಿನ ಹಿಡಿತ ಒಂದಿಷ್ಟು ಸಡಿಲವಾಗುತ್ತಿತ್ತು. ಎಷ್ಟೋ ವರ್ಷ ಉಣ್ಣೆಯ ನಡುವೆ ಮಾತಾಡಿದವಳಿಗೆ, ತನ್ನ ಮಾತು ಹೋಗಿ ಯಾರನ್ನೋ ಮುಟ್ಟುವುದು ಮೊದಲ ಸಲ ಕೈಗೆ ತಿಳಿಯಿತು. ಬಾಗಿಲು ತೆರೆದಾಗ ಅಜ್ಜಿ ಗೊರಕೆ ಹೊಡೆಯುತ್ತಿದ್ದರು.

ಮರುದಿನ ಮ್ಯಾನೇಜರಿಂದ ಪತ್ರ ಬಂತು. ಮೂರೂವರೆ ಮಹಡಿಗೆ ಪೂರ್ವಾನುಮತಿ ಪಡೆದಿಲ್ಲವೆಂದೂ, ಇನ್ನು ಮುಂದೆ ಹೀಗಾಗಬಾರದೆಂದೂ ಅದರಲ್ಲಿತ್ತು. ಅವಳು ಕ್ಷಮೆ ಕೇಳಿ, ಆ ಮಾತನ್ನು ಮೂರು ಬಗೆಯಲ್ಲಿ ರೆಕಾರ್ಡ್ ಮಾಡಿ ಒಪ್ಪಿಗೆಗೆಂದು ಕಳಿಸಿದಳು. ಒಪ್ಪಿಗೆಯಾಯಿತು. ಸ್ಪೀಕರೂ ರಿಪೇರಿಯಾಗಿ, ಅವಳು ಲಿಫ್ಟಿನಿಂದ ಇಳಿದಳು.

ವಾರ ಕಳೆಯುವುದರೊಳಗೆ ಮತ್ತೆ ಫೋನು. ಮೂರರವರಿಗೆ ಮಾತ್ರ ಅರ್ಧ ಮಹಡಿ ಹೆಚ್ಚು ಸಿಕ್ಕಿದೆಯೆಂದು ಉಳಿದವರು ಗಲಾಟೆಯೆಬ್ಬಿಸಿದ್ದರು. ಎಲ್ಲರಿಗೂ ಒಂದೊಂದು ಅರ್ಧ ಬೇಕಂತೆ.

“ಮಾಡಿಕೊಡ್ತೀನಿ ಸಾರ್. ಆದ್ರೆ ಕರಾರು ಹೊಸದಾಗಿ ಬರೀಬೇಕು, ಸ್ಪೀಕರಿನ ಹೆಸರು ಹಾಕಿ,” ಎಂದಳು. ಆಮೇಲೆ, ಹಿಂದೆಂದೂ ಯಾರನ್ನೂ ಕೇಳದಿದ್ದ ಒಂದು ಮಾತು ಕೇಳಿದಳು. “ಒಂದೊಂದು ಅರ್ಧದಲ್ಲೂ ಸಿಕ್ಕಿಹಾಕಿಕೊಳ್ಳೋರು ಸಾಮಾನ್ಯವಾಗಿ ಯಾರು ಅಂತ ಹೇಳ್ತೀರಾ?”

ಅತ್ತ ಮ್ಯಾನೇಜರು ಕಾಗದ ತಿರುವಿದ ಸದ್ದು ಕೇಳಿಸಿತು.

“ಐದನೇದಕ್ಕೆ ವಯಸ್ಸಾದವರು ಬರ್ತಾರೆ. ಐದೂವರೇನ ಸ್ವಲ್ಪ ನಿಧಾನವಾಗಿ ಹೇಳಿ.”

ಅವಳು ಅದನ್ನು ಬರೆದುಕೊಂಡಳು.