ತುದಿಯವರೆಗೂ ಮರ

ಅಪ್ಪ ಪೊರಕೆಯನ್ನು ಭುಜಕ್ಕೇರಿಸಿ, ಒಂದು ಕಣ್ಣು ಮುಚ್ಚಿ, ಗೋಡೆಯ ಮೇಲಿದ್ದ ಹಲ್ಲಿಗೆ ಗುರಿ ಹಿಡಿದರು. ನಾನು ಬಾಗಿಲ ಹಿಂದೆ ಅಳತೆಯ ಟೇಪು ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದೆ.

“ಎಲ್ಲೇ ಹಲ್ಲಿ?” ಅಂದರು ಅಪ್ಪ.

“ನಿಮ್ಮ ಮೂಗಿನ ನೇರಕ್ಕೇ ಇದೆಯಲ್ರೀ,” ಅಂದಳು ಅಮ್ಮ.

ಅವರು ಮುಚ್ಚಿದ್ದು ಎಡಗಣ್ಣು. ನೋಡುವ ಕಣ್ಣು ಅದೊಂದೇ. ಬಲಗಣ್ಣಿನ ನರ ಒಣಗಿಹೋಗಿದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಆದರೆ ಐವತ್ತು ವರ್ಷ ಬಂದೂಕು ಹಿಡಿದ ಮೈಗೆ ಡಾಕ್ಟರ ಮಾತು ಇನ್ನೂ ತಲುಪಿರಲಿಲ್ಲ. ಕೈಗೆ ಉದ್ದನೆಯದೇನಾದರೂ ಸಿಕ್ಕರೆ ಅದು ಬಲಭುಜಕ್ಕೇ ಏರುತ್ತಿತ್ತು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅಪ್ಪ ಬರೀ ಕತ್ತಲೆಗೆ ಗುರಿಯಿಟ್ಟು ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರಿಗೂ ಅದು ಹೊಳೆಯಿತು. ಪೊರಕೆಯನ್ನು ಮೂಲೆಗೆ ಒರಗಿಸಿ, ಇದ್ದರೆ ಇರಲಿ ಬಿಡು, ಸೊಳ್ಳೆಯಾದರೂ ತಿನ್ನುತ್ತೆ ಎಂದು ಹೇಳಿ ಕಿಟಕಿಯ ಪಕ್ಕದ ತಮ್ಮ ಕುರ್ಚಿಗೆ ಹೋಗಿ ಕೂತುಬಿಟ್ಟರು.

ಅಪ್ಪನಿಗೆ ಗೊತ್ತಾಗದ ಹಾಗೆ ಅವರ ಅಳತೆ ಹಿಡಿಯಲು ಹೂಡಿದ ಈ ಹಲ್ಲಿಯ ಉಪಾಯ ಅಮ್ಮನದು. ಎಡಭುಜಕ್ಕೆ ಇಟ್ಟುಕೊಳ್ಳಿ ಎಂದು ಹೇಳುವ ಕೆಲಸವೂ ಅವಳದೇ ಆಗಿತ್ತು. ಆ ಹೊತ್ತಿಗೆ ಬಾಯಿ ಬರಲಿಲ್ಲವಂತೆ. ನಾನು ಟೇಪು ಸುತ್ತಿ ಜೇಬಿಗಿಟ್ಟುಕೊಂಡು ಹಿತ್ತಿಲ ಕಾರ್ಖಾನೆಗೆ ಹೋದೆ.

ಕಾರ್ಖಾನೆ ಎಂದರೆ ಒಂದೇ ಕೋಣೆ. ನಮ್ಮದು ಬಂದೂಕುಗಳಿಗೆ ಮರ ಕೂರಿಸುವ ಮನೆ. ಕಬ್ಬಿಣದ ಕೆಲಸ ಬೇರೆಯವರದು. ನಳಿಕೆಯನ್ನೂ ಟ್ರಿಗರನ್ನೂ ಹೊತ್ತುಕೊಂಡು ಭುಜಕ್ಕೆ ಒರಗುವ ಮೈ ಇದೆಯಲ್ಲ, ಅದಷ್ಟೇ ನಮ್ಮದು. ಮನೆಯಲ್ಲಿ ಅದನ್ನು ಬರೀ ಮರ ಅನ್ನುತ್ತೇವೆ. ಹೆಚ್ಚಿನ ಬಂದೂಕುಗಳಲ್ಲಿ ಮರ ನಳಿಕೆಯ ಅರ್ಧಕ್ಕೇ ನಿಂತುಬಿಡುತ್ತದೆ. ಅಪ್ಪನ ರೈಫಲ್ಲಿನದು ಹಾಗಲ್ಲ, ನಳಿಕೆಯ ತುದಿಯವರೆಗೂ ಮರ. ಚಳಿಯ ಬೆಳಗಿನಲ್ಲಿ ಎಲ್ಲಿ ಹಿಡಿದರೂ ಕೈಗೆ ಕಬ್ಬಿಣ ತಾಗಬಾರದು ಎನ್ನುವುದು ಅವರ ವಾದ. ಮಾಡುವವರಿಗೆ ಅದು ತಲೆನೋವು. ಅಷ್ಟುದ್ದದ ಮರ ಥಂಡಿಗೆ ಉಬ್ಬುತ್ತದೆ, ಬಿಸಿಲಿಗೆ ಬಾಗುತ್ತದೆ. ನಳಿಕೆಯನ್ನು ಒಂದು ಕೂದಲಿನಷ್ಟು ತಳ್ಳಿದರೂ ಗುಂಡು ಗೇಣಿನಷ್ಟು ಆಚೆ ಹೋಗುತ್ತದೆ.

ಕಣ್ಣು ಹೋದ ವರ್ಷ ಅಪ್ಪ ಆ ಮರವನ್ನು ಬಿಚ್ಚಿ ಒಲೆಗೆ ಹಾಕಿದರು. ಬಿರುಕು ಬಿಟ್ಟಿತ್ತು ಅಂದರು. ಬಿರುಕು ಬಿಟ್ಟ ನೂರಾರು ಮರಗಳನ್ನು ಗೊತ್ತೇ ಆಗದಂತೆ ಸರಿಮಾಡಿಕೊಟ್ಟ ಮನುಷ್ಯ. ಯಾರೂ ಎದುರಾಡಲಿಲ್ಲ. ಅವತ್ತಿನ ಅಡುಗೆ ಆ ಉರಿಯಲ್ಲೇ ಆಯಿತು, ಎಲ್ಲರೂ ತಲೆತಗ್ಗಿಸಿ ಉಂಡೆವು. ಕಬ್ಬಿಣದ ಭಾಗವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಬೀರುವಿನ ತಳಕ್ಕೆ ಇಟ್ಟವಳು ಅಮ್ಮ. ಆಮೇಲೆ ಅಪ್ಪ ಕಾರ್ಖಾನೆಗೆ ಬರುವುದನ್ನು ಬಿಟ್ಟರು. ಬೇಟೆಯ ಕಾಲ ಶುರುವಾಗುವ ದಿನ ನಾವೆಲ್ಲ ಕಾಡಂಚಿನ ಗುಡಿಸಲಿಗೆ ಹೋಗುವುದು ನಾನು ಹುಟ್ಟುವ ಮುಂಚಿನಿಂದ ನಡೆದುಬಂದದ್ದು. ಎರಡು ವರ್ಷದಿಂದ ಅವರು ಮೊಣಕಾಲು ನೋವು ಅನ್ನುತ್ತಿದ್ದರು. ಕಿಟಕಿಯ ಕುರ್ಚಿಯಲ್ಲಿ ಅವರ ಬೆನ್ನಿನ ಗುರುತು ಬಿದ್ದಿತ್ತು.

ಈ ಸಲ ಅವರನ್ನು ಆ ಕುರ್ಚಿಯಿಂದ ಎಬ್ಬಿಸಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅಣ್ಣನಿಗೂ ಬೇಕಾಗಿತ್ತು. ಬಸ್ಸು ಓಡಿಸುವವನು, ಎಲ್ಲದಕ್ಕೂ ಹತ್ತಿರದ ದಾರಿ ಹುಡುಕುತ್ತಾನೆ. ಎಲ್ಲರೂ ಸೇರಿ ಹೊಸ ರೈಫಲ್ ಕೊಡಿಸೋಣ, ದೂರ್ಬೀನು ಕೂರಿಸಿದ್ದು, ಪ್ಲಾಸ್ಟಿಕ್ ಮೈಯದು ಅಂದ. ಅದನ್ನೂ ಅಪ್ಪ ಒಲೆಗೆ ಹಾಕುತ್ತಾರೆ ಎಂದೆ.

“ಹಾಕಲಿ. ಅದು ಉರಿಯಲ್ಲ, ಕರಗುತ್ತೆ,” ಅಂದ ಅಣ್ಣ. ಆಮೇಲೆ ತಾನೇ ನಕ್ಕು, ಆಯ್ತು, ನೀನೇ ಮಾಡು, ಎಡಚಿ ತಾನೇ ನೀನು, ಎಡಭುಜದ ವಿಷಯ ನಿನಗೇ ಗೊತ್ತು ಅಂದ.

ಎಡಚಿ ಎನ್ನುವುದು ಮನೆಯಲ್ಲಿ ನನ್ನ ಹೆಸರು. ಚಿಕ್ಕವಳಿದ್ದಾಗ ಉಳಿಯನ್ನು ಎಡಗೈಯಲ್ಲಿ ಹಿಡಿದರೆ ಅಪ್ಪ ಏನೂ ಅನ್ನುತ್ತಿರಲಿಲ್ಲ, ಉಳಿಗೆ ಎಡಬಲ ಇಲ್ಲ ಅನ್ನುತ್ತಿದ್ದರು. ಬಂದೂಕಿಗೆ ಮಾತ್ರ ಇತ್ತು. ಕಾರ್ಖಾನೆಗೆ ಬರುವವರೆಲ್ಲ ಬಲಭುಜದವರು, ಮನೆಯ ಮರಗಳೆಲ್ಲ ಬಲಭುಜದವು. ನನಗೂ ಬಲಕ್ಕೇ ಇಟ್ಟು ಕಲಿಸಿದರು. ಪ್ರತಿ ಸಲವೂ ನಾನು ಗುರಿ ಹುಡುಕಿ ಮುಗಿಸುವಷ್ಟರಲ್ಲಿ ಹಂದಿ ಪೊದೆ ಸೇರಿರುತ್ತಿತ್ತು. ಹದಿನಾರನೇ ವಯಸ್ಸಿಗೆ ಬಿಟ್ಟೆ. ಗುಡಿಸಲಲ್ಲಿ ಚಹಾ ಕಾಸುವುದು, ಒದ್ದೆ ಕಾಲುಚೀಲ ಒಣಗಿಸುವುದು ನನ್ನ ಪಾಲಿಗೆ ಬಂತು. ಬೇಸರವೇನೂ ಇರಲಿಲ್ಲ. ನಾನು ಮಾಡಿದ ಮರ ಹಿಡಿದವರು ಹೊಡೆಯುತ್ತಿದ್ದರಲ್ಲ, ಸಾಕು ಅನ್ನಿಸುತ್ತಿತ್ತು.

ಹನ್ನೊಂದು ವರ್ಷ ಒಣಗಿದ ಅಕ್ರೋಟಿನ ಹಲಗೆಯೊಂದು ಅಟ್ಟದ ಮೇಲಿತ್ತು. ಒಳ್ಳೆಯ ಗಿರಾಕಿ ಬಂದಾಗ ತೆಗೆಯೋಣ ಎಂದು ಅಪ್ಪನೇ ಇಟ್ಟದ್ದು. ಅದನ್ನು ಇಳಿಸಿದೆ. ಉದ್ದಕ್ಕೆ ಅಣ್ಣನ ಕೈ ಅಳೆದೆ, ಅವನದು ಅಪ್ಪನ ಮೈಕಟ್ಟೇ. ಮೊಣಕೈ ಮಡಚಿ ನಿಲ್ಲು ಅಂದರೆ ಕಚಗುಳಿ ಎಂದು ಕುಣಿದ, ನಲವತ್ತೆರಡು ವರ್ಷದ ಗಂಡಸು. ಹೇಗೋ ಅಳೆದು ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ನಮ್ಮಲ್ಲಿ ಒಂದು ರೂಢಿ ಇದೆ. ಹಿಂಬದಿಯ ಕೊನೆಯ ಕೊಯ್ತವನ್ನು ಬಂದೂಕು ಹಿಡಿಯುವವರನ್ನೇ ಎದುರು ನಿಲ್ಲಿಸಿಕೊಂಡು ಕೊಯ್ಯಬೇಕು. ಈ ಕೆಲಸದಲ್ಲಿ ಅದು ಆಗುವ ಹಾಗಿರಲಿಲ್ಲ. ಅಪ್ಪನಿಗೆ ಗೊತ್ತಾದರೆ ಬೇಡ ಅಂದುಬಿಡುತ್ತಾರೆ, ಅಲ್ಲಿಗೆ ಮುಗಿಯಿತು.

ಐದು ವಾರ ಹಿಡಿಯಿತು. ನಳಿಕೆಗೆ ದೀಪದ ಮಸಿ ಸವರಿ ಮರದೊಳಗೆ ಒತ್ತುವುದು, ತೆಗೆದು ನೋಡುವುದು, ಮಸಿ ಅಂಟಿದಲ್ಲಿ ಕೆರೆಯುವುದು, ಮತ್ತೆ ಒತ್ತುವುದು. ಅಂಗೈ ಎಷ್ಟು ತೊಳೆದರೂ ಕಪ್ಪು. ಅನ್ನ ಬಡಿಸುವಾಗ ಅಪ್ಪ ನನ್ನ ಉಗುರು ನೋಡಿ, ಯಾರದು ಕೆಲಸ ಎಂದು ಒಮ್ಮೆ ಕೇಳಿದರು. ದೂರದ ಗಿರಾಕಿ ಎಂದೆ. ದೂರದವರು ಯಾವತ್ತೂ ಅವಸರ ಮಾಡ್ತಾರೆ ಎಂದು ಹೇಳಿ ಮೊಸರು ಹಾಕಿಕೊಂಡರು.

ಕೆರೆಯುತ್ತ ಕೆರೆಯುತ್ತ ಭುಜಕ್ಕೇರಿಸಿ ನೋಡುತ್ತಿದ್ದೆ. ಎಡಭುಜಕ್ಕೆ. ಮಣಿಕಟ್ಟಿನ ಹತ್ತಿರ ದಪ್ಪ ಅನ್ನಿಸಿದರೆ ಅರ ಹಾಕುವುದು, ಕೆನ್ನೆಗೆ ಎತ್ತರ ಅನ್ನಿಸಿದರೆ ಗಾಜಿನ ಚೂರಿನಿಂದ ಹೆರೆಯುವುದು, ಹಿಂಬದಿ ಕಂಕುಳಿಗೆ ಸಿಕ್ಕಿಕೊಂಡರೆ ಒಂದು ಎಳೆ ಕೊಯ್ಯುವುದು. ಇನ್ನೊಂದು ಎಳೆ. ಪೆನ್ಸಿಲಿನ ಗೆರೆ ಯಾವತ್ತು ಅಳಿಸಿತೋ ನೋಡಲಿಲ್ಲ. ಅಣ್ಣ ಒಂದು ದಿನ ಬಂದು ತನ್ನ ಬಲಭುಜಕ್ಕೆ ಇಟ್ಟುಕೊಂಡು, ಏನೋ ಸರಿಯಿಲ್ಲ ಕಣೇ ಅಂದ. ನಿನಗೆ ಸರಿಯಾದರೆ ಅಪ್ಪನಿಗೆ ಆಗುತ್ತಾ, ಇದು ಎಡದ್ದು ಎಂದು ಕಸಿದುಕೊಂಡೆ. ಅಗಸೆ ಎಣ್ಣೆ ಏಳು ಸಲ ಉಜ್ಜಿದೆ. ಕೊನೆಯ ದಿನ ಕಾರ್ಖಾನೆಯಲ್ಲಿ ಒಬ್ಬಳೇ ನಿಂತು ಭುಜಕ್ಕೇರಿಸಿದಾಗ ಅದು ಇಷ್ಟು ಸಲೀಸಾಗಿ ಬಂದು ಕೂತಿತೆಂದರೆ, ನನ್ನ ಕೈಗುಣಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಬೇಟೆಯ ಕಾಲ ಶುರುವಾಗುವ ಹಿಂದಿನ ದಿನ, ಬೆಳಗಿನ ತಿಂಡಿ ಮುಗಿದ ಮೇಲೆ ಅದನ್ನು ಅಪ್ಪನ ತೊಡೆಯ ಮೇಲೆ ಇಟ್ಟೆ. ಅಣ್ಣ ಬಾಗಿಲಲ್ಲಿ ನಿಂತಿದ್ದ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

ಅಪ್ಪ ನೋಡಲಿಲ್ಲ. ಮುಖ ಕಿಟಕಿಯ ಕಡೆ ಇಟ್ಟುಕೊಂಡೇ ಕೈಯಾಡಿಸಿದರು. ಹಿಂಬದಿಯಿಂದ ಶುರುಮಾಡಿ ಬೆರಳು ಮುಂದೆ ಹೋಯಿತು, ಟ್ರಿಗರು ದಾಟಿತು, ನಳಿಕೆಯ ಅರ್ಧ ದಾಟಿತು. ಮರ ಮುಗಿಯಲಿಲ್ಲ. ತುದಿ ಮುಟ್ಟಿದಾಗ ಬೆರಳು ಅಲ್ಲೇ ನಿಂತಿತು.

“ಆ ಕ್ಯಾಲೆಂಡರ್ ಕೊಡೋ,” ಎಂದು ಅಣ್ಣನಿಗೆ ಹೇಳಿದರು.

ಹೋದ ತಿಂಗಳ ಹಾಳೆಯಿಂದ ಒಂದು ಪಟ್ಟಿ ಹರಿದು, ನಳಿಕೆಗೂ ಮರಕ್ಕೂ ನಡುವೆ ತೂರಿಸಿ ತುದಿಯಿಂದ ಹಿಂದಕ್ಕೆ ಎಳೆದರು. ಎಲ್ಲಿ ಕಾಗದ ಸಿಕ್ಕಿಕೊಂಡರೂ ಅಲ್ಲಿ ಮರ ಕಬ್ಬಿಣಕ್ಕೆ ತಾಗಿದೆ ಎಂದರ್ಥ. ಸಿಕ್ಕಿಕೊಳ್ಳಲಿಲ್ಲ. ಹ್ಞೂಂ ಅಂದರು. ನನ್ನ ಜೀವಮಾನದಲ್ಲಿ ಅವರು ಹಾಗೆ ಹ್ಞೂಂ ಅಂದದ್ದು ನಾಲ್ಕನೇ ಸಲ.

ಎದ್ದು ನಿಂತರು. ರೈಫಲ್ ಅಭ್ಯಾಸದಂತೆ ಬಲಕ್ಕೆ ಹೊರಟಿತ್ತು. ಮರವೇ ಒಪ್ಪಲಿಲ್ಲ, ಕೆನ್ನೆಗೆ ಮಾಡಿದ್ದ ಉಬ್ಬು ಇನ್ನೊಂದು ಬದಿಗಿತ್ತು. ಅಪ್ಪ ಅದನ್ನು ಬೆರಳಿನಿಂದ ಸವರಿ, ಏನೆಂದು ತಿಳಿದು, ಎಡಭುಜಕ್ಕೆ ಏರಿಸಿದರು. ಎಡಗಣ್ಣು ಮುಚ್ಚಲಿಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಆಗ ನಾನು ಅವರ ಹೆಬ್ಬೆರಳು ನೋಡಿದೆ. ಅದು ಮೂಗಿಗೆ ಒತ್ತಿಕೊಂಡಿತ್ತು. ಮರ ಗಿಡ್ಡವಾದರೆ ಹಾಗಾಗುತ್ತದೆ. ಟ್ರಿಗರು ಎಳೆದರೆ ಮೂಗು ಒಡೆಯುತ್ತದೆ. ಕೆಲಸ ಕಲಿಯಲು ಕೂತ ಮೊದಲ ವಾರವೇ ಹೇಳಿಕೊಡುವ ವಿಷಯ. ಎರಡು ಬೆರಳಷ್ಟು ಗಿಡ್ಡ.

ಅಪ್ಪ ಕೆಳಗಿಳಿಸಿದರು. ನನ್ನ ಕೈ ನೋಡಿದರು, ಭುಜ ನೋಡಿದರು.

“ತಗೋ. ಏರಿಸು.”

“ಅಪ್ಪ, ಅದು ನಿಮಗೆ…”

“ಕಣ್ಣು ಮುಚ್ಕೊಂಡು ಏರಿಸು.”

ಇದು ಅವರು ಪ್ರತಿ ಗಿರಾಕಿಗೂ ಮಾಡುತ್ತಿದ್ದ ಪರೀಕ್ಷೆ. ಕಣ್ಣು ಮುಚ್ಚಿ ಏರಿಸಬೇಕು, ಆಮೇಲೆ ಕಣ್ಣು ಬಿಡಬೇಕು. ನಳಿಕೆಯ ತುದಿಯಲ್ಲಿರುವ ಗುರಿಯ ಮೊನೆ ನೇರ ಎದುರಿಗಿದ್ದರೆ ಮರ ಆ ಮೈಯದು. ಇಲ್ಲದಿದ್ದರೆ ಮತ್ತೆ ವೈಸಿನ ಇಕ್ಕಳಕ್ಕೆ ಸಿಕ್ಕಿಸಿ ಕೆರೆಯಬೇಕು. ಸಾವಿರ ಜನರಿಗೆ ಮಾಡಿದ್ದನ್ನು ನೋಡಿದ್ದೆ. ನನ್ನನ್ನು ಯಾವತ್ತೂ ಅಲ್ಲಿ ನಿಲ್ಲಿಸಿರಲಿಲ್ಲ. ಕಣ್ಣು ಮುಚ್ಚಿ ಏರಿಸಿದೆ. ಅಪ್ಪನ ಹೆಜ್ಜೆ ನನ್ನ ಸುತ್ತ ಒಂದು ಸುತ್ತು ಬಂದು ಎಡಬದಿಗೆ ನಿಂತಿತು. ಕಣ್ಣು ಬಿಡು ಅಂದರು. ಬಿಟ್ಟೆ. ಗುರಿಯ ಮೊನೆ ನನ್ನ ಕಣ್ಣಿನ ಎದುರೇ ಇತ್ತು. ಹುಡುಕಬೇಕಾಗಲಿಲ್ಲ.

“ಎಷ್ಟೇ ನಿಂಗೆ ವಯಸ್ಸು ಈಗ?”

“ಮೂವತ್ತೆಂಟು.”

ಅಪ್ಪ ಏನೋ ಲೆಕ್ಕ ಹಾಕಿದರು. ಲೆಕ್ಕ ಮುಗಿದ ಮೇಲೆ ನನ್ನ ಮೊಣಕೈಯನ್ನು ಒಂದು ಬೆರಳಿನಿಂದ ಸ್ವಲ್ಪ ಎತ್ತಿದರು, ಗಿರಾಕಿಗಳಿಗೆ ಎತ್ತುತ್ತಿದ್ದ ಹಾಗೆಯೇ.

“ಬಲಗಡೆ ಇಡಿಸ್ದೆ ನಿಂಗೆ,” ಅಂದರು. “ನಾನೇ.”

ಅಣ್ಣ ಹರಿದ ಕ್ಯಾಲೆಂಡರನ್ನು ಮೊಳೆಗೆ ನೇತುಹಾಕುವುದರಲ್ಲಿ ತುಂಬ ಹೊತ್ತು ತೆಗೆದುಕೊಂಡ. ಅಪ್ಪ ಅಮ್ಮನ ಕಡೆ ತಿರುಗಿ ಬೂಟು ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ಯಾವ ಬೂಟು ಅಂದಳು ಅಮ್ಮ. ಕಾಡಿಂದು. ಅದರಲ್ಲಿ ಈರುಳ್ಳಿ ಹಾಕಿಟ್ಟಿದ್ದೀನಿ, ಗಾಳಿಯಾಡುತ್ತೆ ಅಂತ.

“ಈರುಳ್ಳಿ ತೆಗಿ,” ಅಂದರು ಅಪ್ಪ. “ನಾಳೆ ಇವಳ ಎಡಗಡೆ ಕೂತ್ಕೋಬೇಕು ನಾನು. ಒಂದು ಕಣ್ಣು ಸಾಕು ಅದಕ್ಕೆ.”

ಅಮ್ಮ ಅಡುಗೆಮನೆಗೆ ಓಡಿದಳು. ಒಂದಾದ ಮೇಲೊಂದು ಈರುಳ್ಳಿ ನೆಲಕ್ಕೆ ಉರುಳುವ ಸದ್ದು ಕೇಳಿಸಿತು. ಆದರೂ ಕಸುಬಿನವಳ ನಾಚಿಕೆ ನನ್ನನ್ನು ಬಿಡಲಿಲ್ಲ. ಉಡುಗೊರೆ ಅವರಿಗೆ ಅಂತ ಮಾಡಿದ್ದು; ಅಳತೆ ತಪ್ಪಿದ್ದು ನಾನು. ಅದೇ ಹಲಗೆಯ ತುಂಡೊಂದು ಉಳಿದಿದೆ, ಹಿಂಬದಿಗೆ ಎರಡು ಬೆರಳಷ್ಟು ಅಂಟಿಸುತ್ತೇನೆ, ಮಧ್ಯಾಹ್ನದೊಳಗೆ ಒಣಗುತ್ತದೆ, ಜೋಡಿಸಿದ್ದು ಗೊತ್ತೇ ಆಗುವುದಿಲ್ಲ, ನಿಮಗೆ ಸರಿಯಾಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿ ರೈಫಲ್ಲನ್ನು ಅವರ ಕೈಗೆ ಚಾಚಿದೆ.

“ಬೇಡ,” ಅಂದರು ಅಪ್ಪ.