ಕಮಾನು ಕೂತಿತು

ಮೂಗಿಗೆ ಬಡಿದದ್ದು ಅದೇ, ಸುಣ್ಣ ಅರಳುವ ವಾಸನೆ, ಬೆಂದ ಕಲ್ಲಿನದೂ ಒದ್ದೆ ಬೂದಿಯದೂ ಸೇರಿ ಗಂಟಲ ಹಿಂದೆ ಸಣ್ಣಗೆ ಕಚ್ಚುವಂಥದು, ಅಪ್ಪನ ಅಂಗಿಯ ತೋಳಿನಲ್ಲಿ ಯಾವಾಗಲೂ ಇರುತ್ತಿದ್ದದ್ದು, ಚಿಕ್ಕವಳಿದ್ದಾಗ ಆ ತೋಳಿಗೆ ಮೂಗೊತ್ತಿ ಮಲಗಿದರೆ ಅವ್ವ ಬೈಯುತ್ತಿದ್ದಳು, ಹುಡುಗಿ ಮುಖ ಸುಟ್ಕೋತಾಳೆ, ಮೊದಲು ಕೈಕಾಲು ತೊಳ್ಕೊಂಡು ಬನ್ನಿ — ಈಗ ಯಾರು ಗುಂಡಿಗೆ ನೀರು ಬಿಟ್ಟರು, ಕೆಲಸ ಕಲಿಯಲು ಬಂದ ಹುಡುಗಿ ಗುಬ್ಬಿಯೇ ಇರಬೇಕು, ಮುಂದಿನ ಕಮಾನಿಗೆಂದು ಈಗಲೇ ಸುಣ್ಣ ನೆನೆಹಾಕಿದ್ದಾಳೆ, ಇವತ್ತಿನ ಕಮಾನು ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುವ ಮೊದಲೇ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ, ಆದರೂ ಆ ಧೈರ್ಯ ನೋಡಿದರೆ ಖುಷಿಯಾಗುತ್ತದೆ, ನನಗಿಲ್ಲ ಅಷ್ಟು, ಬೆಳಗಿನಿಂದ ಕಮಾನಿನ ಸುತ್ತಲೇ ಸುತ್ತುತ್ತಿದ್ದೇನೆ, ಎಂಜಿನಿಯರು ಅದನ್ನು ಕಂಡೇ ಏನೋ ಕುರ್ಚಿಯನ್ನು ತಾನೇ ಎತ್ತಿ ತಂದು ನೆರಳಿಗಿಟ್ಟ, ಕೂತ್ಕೊಳ್ಳಿ ಅಮ್ಮಾ, ಬಿಸಿಲು ಜಾಸ್ತಿ ಇದೆ, ಒಳ್ಳೆಯ ಹುಡುಗ, ಮೊನ್ನೆ ಆ ಮಾತು ಹೇಳುವಾಗಲೂ ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದ, ಮೇಲಿನವರು ಹೇಳಿದಾರಮ್ಮಾ, ಈ ಒಂದು ಕಮಾನು ನಿಂತ್ರೆ ಈ ಹಳೇ ಮಾರುಕಟ್ಟೆಯ ಉಳಿದ ಸಾಲೆಲ್ಲ ನೀವು ಕಲಿಸ್ತಿರೋ ಮಕ್ಕಳ ಕೈಗೆ, ಬಿದ್ರೆ ಎಲ್ಲ ಬಾಗಿಲ ಮೇಲೂ ಕಾಂಕ್ರೀಟ್ ತೊಲೆ, ನಾನೇನೂ ಮಾಡೋಕಾಗಲ್ಲ — ಅವನೇನು ಮಾಡಿಯಾನು ಪಾಪ, ಒಂದು ಕಮಾನು ಆಗಲೇ ಬಿದ್ದಿದೆಯಲ್ಲ.

ಬಿದ್ದದ್ದು ಉದಾಸೀನದಿಂದಲ್ಲ, ಅಕ್ಕರೆಯಿಂದ, ಅದನ್ನು ಯಾರಿಗೆ ಹೇಳಲಿ, ಎತ್ತರದ ಕಟ್ಟಡಗಳಲ್ಲಿ ಸಿಮೆಂಟು ಕಲಸಿ, ಕಂಬಿ ಕಟ್ಟಿ ಬೆಳೆದ ಮಕ್ಕಳು ಇವು, ಬಂದ ಮೊದಲ ದಿನ ಏನಪ್ಪಾ ಕೆಲಸ ನಿಂದು ಎಂದು ಕೇಳಿದರೆ ಗಾರೆ ಕೆಲಸ ಅಜ್ಜಿ ಎಂದ ಆ ಉದ್ದನೆಯ ಹುಡುಗ, ಗಾರೆ ನೋಡಿದ್ದೀಯಾ, ಇದೇನಜ್ಜಿ ಹೀಗೆ ಕೇಳ್ತೀರಾ, ಸಿಮೆಂಟೇ ಅಲ್ವಾ ಗಾರೆ, ಸುಣ್ಣ ಮರಳು ಅರೆದದ್ದು ಗಾರೆ ಎಂದು ಅವನಿಗೆ ಯಾರು ಹೇಳಿದ್ದರು, ಅವತ್ತಿನಿಂದ ಎಲ್ಲರಿಗೂ ಅವನು ಸಿಮೆಂಟು, ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುವುದಿಲ್ಲ, ಮಾತೋ ಅರಳು ಹುರಿದ ಹಾಗೆ, ಒಂದು ಮೂಟೆ ಸಿಮೆಂಟು ತರ್ಸಿ ಅಜ್ಜಿ, ಸಂಜೆಯೊಳಗೆ ನಿಮ್ಮ ಕಮಾನು ರೆಡಿ, ನಿಮ್ಮ ಸುಣ್ಣ ನೀರಲ್ಲಿ ನೆಂದು ಹಣ್ಣಾಗೋ ಹೊತ್ತಿಗೆ ನಾನೇ ಹಣ್ಣಾಗಿರ್ತೀನಿ, ಗುಬ್ಬಿ ಬಿಟ್ಟಾಳೆಯೇ, ನೀನು ಹಣ್ಣಾಗಲ್ಲ ಬಿಡೋ, ಕಾಯಿಯಾಗೇ ಕೊಳೀತೀಯ — ಹಾಗೆ ನಗುನಗುತ್ತಲೇ ಕಟ್ಟಿದರು ಆ ಮೊದಲ ಕಮಾನನ್ನು, ನನ್ನ ಕಣ್ಣಿಗೆ ಒಂದು ತಪ್ಪೂ ಕಾಣಲಿಲ್ಲ, ಆದರೆ ಕೆಳಗೆ ಆಸರೆಗಿದ್ದ ಮರದ ಸೆಂಟ್ರಿಂಗ್ ಇಳಿಸಿದೊಡನೆ ಮೆತ್ತಗೆ, ನಿದ್ದೆಗಣ್ಣಿನವರು ಜಾರಿದ ಹಾಗೆ, ಪೂರ್ತಿ ಕೆಳಗೆ ಬಂತು, ಯಾರಿಗೂ ತಾಗಲಿಲ್ಲ, ಧೂಳೂ ಏಳಲಿಲ್ಲ, ಏಳುವುದೆಲ್ಲಿ, ಗಾರೆ ಒಳಗೆಲ್ಲ ಗಂಜಿಯಂತೆ ಒದ್ದೆ, ಕೇಳಿದರೆ ಸಿಮೆಂಟು ಎದೆಯುಬ್ಬಿಸಿ ಹೇಳುತ್ತಾನೆ, ಸಂಜೆ ನೀವು ಮನೆಗೆ ಹೋದ್ಮೇಲೆ ದಿನಾ ಪೈಪು ಬಿಡ್ತಿದ್ದೆ ಅಜ್ಜಿ, ಭಾನುವಾರಾನೂ ಬಂದಿದ್ದೆ, ಒಂದು ದಿನಾನೂ ತಪ್ಪಿಸಿಲ್ಲ. ಸಿಮೆಂಟಿಗೆ ನೀರು ಕುಡಿಸಿದಷ್ಟೂ ಗಟ್ಟಿ, ಅದು ಅವನ ಕೈಗೆ ಗೊತ್ತು, ಗಾರೆಗೆ ಬೇಕಾದದ್ದು ಗಾಳಿ, ಮೈಗೊಂದಿಷ್ಟು ತೇವವಿದ್ದರೆ ಸಾಕು, ಮುಳುಗಿಸಿದರೆ ಅದು ಗಟ್ಟಿಯಾಗುವುದನ್ನೇ ಮರೆಯುತ್ತದೆ, ಇದನ್ನು ಹೇಳಿದಾಗ ಅವನ ಮುಖ ಇಳಿದುಹೋಯಿತು, ಪ್ರೀತಿಯಿಂದ ಉಣ್ಣಿಸಿ ಮಗುವಿಗೆ ಹೊಟ್ಟೆನೋವು ತಂದ ತಾಯಿಯ ಹಾಗೆ, ಆ ರಾಶಿಯಲ್ಲಿ ಕೂತು ಇಟ್ಟಿಗೆಗಳನ್ನು ಒಂದೊಂದಾಗಿ ಕೆರೆದು ತೊಳೆದು ಜೋಡಿಸಿದ, ಬೇರೆಯವರು ಊಟಕ್ಕೆ ಕರೆದರೂ ಏಳಲಿಲ್ಲ, ಆಮೇಲೆ ಗುಬ್ಬಿಯೂ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು, ತಮಾಷೆ ಮಾಡಲಿಲ್ಲ, ಇನ್ನೊಂದು ಕರಣೆ ತಗೊಂಡು ಕೆರೆಯತೊಡಗಿದಳು, ಅಷ್ಟೇ.

ಅದೇ ಇಟ್ಟಿಗೆಗಳು ಈಗ ಮೇಲಿವೆ, ಗುಬ್ಬಿ ಸೆಂಟ್ರಿಂಗನ್ನು ಎತ್ತಿ ಹಿಡಿದ ಬೆಣೆಗಳ ಪಕ್ಕ ಮರದ ಸುತ್ತಿಗೆ ಹಿಡಿದು ನನ್ನತ್ತ ನೋಡುತ್ತಿದ್ದಾಳೆ, ಹೊಡೀಲಾ ಅಜ್ಜಿ, ತಾಳು ತಾಳು, ನಾನು ಬರಬೇಕು, ಅಪ್ಪ ಹೇಳುತ್ತಿದ್ದ, ಕಟ್ಟಿದವರು ಕೆಳಗೆ ನಿಲ್ಬೇಕು ಮಗಳೇ, ನಿಲ್ಲೋಕೆ ಹೆದರಿಕೆ ಆದ್ರೆ ಕಟ್ಟೋದೇ ಬೇಡ, ಇನ್ನೊಂದು ಹೇಳುತ್ತಿದ್ದ, ಕಮಾನು ಕೂರಬೇಕು, ಆಸರೆ ಬಿಟ್ಟಾಗ ಒಂದು ಇಟ್ಟಿಗೆ ಇನ್ನೊಂದರ ಮೇಲೆ ಭಾರ ಹಾಕಿ ಆರಾಮಾಗಿ ಕೂರಬೇಕು, ಕೂತ್ರೆ ನಿಂತ ಹಾಗೆ, ಕೂರದಿದ್ರೆ ಬಿದ್ದ ಹಾಗೆ, ನಾನು ಬಿ.ಎ. ಮುಗಿಸಿ ಬಂದವಳು ಅದನ್ನು ಕೇಳಿ ನಕ್ಕಿದ್ದೆ, ಕೂತರೆ ನಿಲ್ಲುವುದು ಹೇಗಪ್ಪಾ, ಮರುದಿನ ಕರಣೆ ಹಿಡಿದೆ, ಸೋದರತ್ತೆ ಬಾಗಿಲಲ್ಲಿ ನಿಂತು ಹಂಗಿಸಿದಳು, ಓದು ಒಕ್ಕಾಲು ಆಯ್ತು, ಆ ಮುಕ್ಕಾಲು ಬುದ್ಧಿ ಎಲ್ಲಿ ಬಿಟ್ಟು ಬಂದೆಯೇ, ಅತ್ತೇ, ಇಲ್ಲೇ ಇದೆ ನೋಡು, ಈ ಸೆಂಟ್ರಿಂಗಿನ ಮೇಲೆ — ಎದ್ದು ಎರಡು ಹೆಜ್ಜೆ ಇಡುವಷ್ಟರಲ್ಲಿ ಸಿಮೆಂಟು ಅಡ್ಡ ಬಂದ, ನೀವು ಕೂತ್ಕೊಳ್ಳಿ ಅಜ್ಜಿ, ಕಟ್ಟಿದವರು ನಿಲ್ಬೇಕು ಅಂತ ನೀವೇ ಹೇಳಿದ್ದಲ್ವಾ, ಕಟ್ಟಿದ್ದು ನಾನು, ನೀವು ಬರೀ ಬೈದಿದ್ದು, ಎಂದವನೇ ನಡುವೆ ಹೋಗಿ ನಿಂತುಬಿಟ್ಟ, ಎಂಜಿನಿಯರು ಗಾಬರಿಯಾಗಿ, ಹೆಲ್ಮೆಟ್ಟಾದ್ರೂ ಹಾಕ್ಕೊಳ್ಳಯ್ಯಾ ಮಾರಾಯಾ, ತನ್ನದನ್ನೇ ತೆಗೆದು ಅವನ ತಲೆಗಿಟ್ಟ, ಅದು ಅವನಿಗೆ ಚಿಕ್ಕದು, ನೆತ್ತಿಯ ಮೇಲೆ ಬಟ್ಟಲಿನ ಹಾಗೆ ಕೂತಿತು, ಯಾರೂ ನಗಲಿಲ್ಲ.

ಎಡಕ್ಕೊಂದು, ಬಲಕ್ಕೊಂದು, ನಿಧಾನ ಗುಬ್ಬೀ, ಕಾಂಕ್ರೀಟಿನ ಹಲಗೆ ಕೀಳುವ ಹಾಗಲ್ಲ, ಮಲಗಿದ ಮಗುವಿನ ತಲೆಯ ಕೆಳಗಿಂದ ಕೈ ತೆಗೆಯುವ ಹಾಗೆ, ನಾನು ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ, ಅವಳು ಹಾಗೆಯೇ ಹೊಡೆಯುತ್ತಿದ್ದಾಳೆ, ಎಡಕ್ಕೊಂದು, ಬಲಕ್ಕೊಂದು, ಮೇಲಿನಿಂದ ಚೂರು ಗಾರೆ ಉದುರಿ ಸಿಮೆಂಟಿನ ಭುಜಕ್ಕೆ ಬಿತ್ತು, ಅವನು ಕಣ್ಣು ಮುಚ್ಚಲಿಲ್ಲ, ಟಕ್ ಎಂದಿತು ಎಲ್ಲೋ, ಬೆರಳ ನೆಟಿಕೆಯಷ್ಟು ಸಣ್ಣ ಸದ್ದು, ಮತ್ತೆ ಇಟ್ಟಿಗೆಗೂ ಮರಕ್ಕೂ ನಡುವೆ ಬೆಳಕು, ಕೂದಲೆಳೆಯಷ್ಟು, ಈ ತುದಿಯಿಂದ ಆ ತುದಿಗೆ ಬಾಗಿದ ಒಂದೇ ಎಳೆ ಬೆಳಕು, ಮರ ಇಳಿಯಿತು, ಇಟ್ಟಿಗೆ ಇಳಿಯಲಿಲ್ಲ, ಗುಬ್ಬಿ ಸುತ್ತಿಗೆ ಎಸೆದು ಕೂಗಿದಳು, ಕೂತ್ತು ಅಜ್ಜಿ, ಕಮಾನು ಕೂತ್ತು, ಎಂಜಿನಿಯರು ತಲೆಯ ಮೇಲೆ ಕೈ ಹೊತ್ತು, ಅಯ್ಯೋ ಕೂತೋಯ್ತಾ, ಎಷ್ಟು ಕೂತೋಯ್ತು, ಪಾಪ, ಅವನ ಕೆಲಸದಲ್ಲಿ ಕೂರುವುದೆಂದರೆ ಪಾಯ ಕುಸಿಯುವುದು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಕೂತಿದ್ದಕ್ಕೇ ನಿಂತಿದೆ ಸಾರ್, ಎಂದ ಸಿಮೆಂಟು, ಆಸರೆಯಿಲ್ಲದ ಕಮಾನಿನ ಕೆಳಗೆ ಸೊಂಟಕ್ಕೆ ಕೈಯಿಟ್ಟು, ಅಪ್ಪನ ಮಾತನ್ನು ಅಪ್ಪನನ್ನು ಕಂಡೇ ಇರದವನ ಬಾಯಿ ಆಡಿತು. ಆಮೇಲೆ ಏಣಿ ಹತ್ತಿ ಅದರ ಬೆನ್ನ ಮೇಲೆಲ್ಲ ನಿಂತವರೆಷ್ಟು, ಕುಣಿದವರೆಷ್ಟು, ಕೆಳಗಿನಿಂದ ಎಂಜಿನಿಯರು ಕೈ ಬೀಸಿ, ಸಾಕ್ರೋ, ಉಳಿದ ಸಾಲೂ ನಿಮ್ಮದೇ, ಇಳೀರಿ, ಎನ್ನುತ್ತ ಕನ್ನಡಕ ಒರೆಸಿಕೊಂಡ, ನನ್ನ ಕಣ್ಣ ಮುಂದೆ ಅದೇ, ಮರಕ್ಕೂ ಇಟ್ಟಿಗೆಗೂ ನಡುವಿನ ಆ ಎಳೆ.

ಗದ್ದಲವೆಲ್ಲ ಆ ಕಡೆಗಿದೆ, ಈ ಕಡೆ ನನ್ನ ಕುರ್ಚಿಯ ಪಕ್ಕ ಯಾರೋ ಬಂದು ನಿಂತರು, ಸಿಮೆಂಟು, ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಮೆಲ್ಲಗೆ ನನ್ನ ಮಡಿಲಿಗಿಟ್ಟ, ಅನ್ನ, ಸಾರು, ಮೆತ್ತಗೆ ಕಲಸಿದ್ದು, ಅದರಲ್ಲೊಂದು ಚಮಚ, ಚಮಚವೇಕೆ ಎಂದು ನೋಡಿದರೆ ಅವನ ಬೆರಳುಗಳು, ತುದಿಯೆಲ್ಲ ಸುಣ್ಣಕ್ಕೆ ಬಿರಿದಿವೆ, ನನ್ನವೂ ಹಾಗೆಯೇ, ಬಿರಿದ ಬೆರಳಿಗೆ ಉಪ್ಪುಖಾರ ತಾಗಿದರೆ ಜೀವ ಹೋಗುತ್ತದೆ, ಇದನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವಂಥದೂ ಅಲ್ಲ, ಅವನು ಆಗಲೇ ತಿರುಗಿ ಹೊರಟ, ನಾನು ಚಮಚ ಎತ್ತಿದೆ, ಅದರ ಅಂಚಿನಲ್ಲಿ ಬೆಳಕು, ಕೂದಲೆಳೆಯಷ್ಟು, ಬಾಗಿದ್ದು —